ಮೇ ತಿಂಗಳಲ್ಲಿ ಊರ ಕೆರೇಲಿ ಹಕ್ಕಿ ನೋಡಿದವರು ಅನುಭವ ಹೇಳಿ

ತೆಂಗಿನತೋಟ, ತಿಪಟೂರು:
ನಮ್ಮೂರ ಕೆರೆಗೆ ಬಂದಿದ್ದ ಚಳಿಗಾಲದ ಬಾತುಗಳೆಲ್ಲ ಮಾರ್ಚಿಗೇ ಹೋದವು. ಮಗಳಿಗೆ ಬೇಸಿಗೆ ರಜ, ದಿನಾ ಬೆಳಿಗ್ಗೆ ಏರಿ ಮೇಲೆ ಹೋಗೋಣ ಅಂತ ಹಟ ಹಿಡಿದಿದ್ದಾಳೆ. ಈಗ ನೋಡೋಕೆ ಏನಾದ್ರೂ ಸಿಗುತ್ತಾ? ಬೈನಾಕ್ಯುಲರ್ ಯಾವುದು ತಗೊಳ್ಳಲಿ?

ಸಾಗರದ ಮಳೆ:
ದೊಡ್ಡದಿದ್ರೆ ಒಳ್ಳೇದು ಅಂದ್ಕೊಂಡು ನಾನು 10×50 (ಹತ್ತು ಪಟ್ಟು ದೊಡ್ಡದಾಗಿ ತೋರಿಸೋದು, ಮುಂದಿನ ಗಾಜು 50 ಮಿ.ಮೀ. ಅಗಲ) ತಗೊಂಡೆ, 11,500 ರೂಪಾಯಿ. ಹತ್ತಿರಹತ್ತಿರ ಒಂದು ಕೆಜಿ. ಐದು ನಿಮಿಷ ಹಿಡಿದ್ರೆ ಕೈ ನಡುಗಿ, ಸುಮ್ಮನೆ ಕೂತ ಮಿಂಚುಳ್ಳಿನೂ ಕುಣಿದ ಹಾಗೆ ಕಾಣ್ತಿತ್ತು. ಮೊದಲ ಮಳೆಗಾಲಕ್ಕೇ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬೂಷ್ಟು. ಕ್ಲೀನ್ ಮಾಡಿಸೋಕೆ 2,800, ಹೋಗಿಬರೋ ಬಸ್ ಚಾರ್ಜು 940. ಮುಂದಿನ ಆಗಸ್ಟಿಗೆ ಮತ್ತೆ ಅದೇ ಬೂಷ್ಟು, ಅದೇ ಮೂಲೆಯಲ್ಲಿ. ಕಡೆಗೆ ಒಳಗೆ ನೈಟ್ರೋಜನ್ ತುಂಬಿದ, ನೀರು ಇಳಿಯದ 8×42 ತಗೊಂಡೆ, 14,200. ಒಟ್ಟು 29,440. ಈಗಲೂ ಗಾಳಿಯಾಡದ ಡಬ್ಬದಲ್ಲಿ ತೇವ ಹೀರೋ ಸಿಲಿಕಾ ಜೆಲ್ ಹಾಕಿಯೇ ಇಡ್ತೀನಿ.

ಕೆರೆ ಏರಿ, ಮೈಸೂರು:
ದುಡ್ಡಿನ ಲೆಕ್ಕ ಬಿಡಿ ಸಾರ್, ಮೇ ಅಂದ್ರೆ ಗೂಡಿನ ಕಾಲ. ಆರು ವರ್ಷದಿಂದ ಒಂದೇ ಕೆರೆಗೆ ಹೋಗ್ತಿದ್ದೀನಿ. ಹೋದ ವರ್ಷ ನೀರು ಬತ್ತಿದ ಅಂಗಳದಲ್ಲಿ ಟಿಟ್ಟಿಭ ನಾಲ್ಕು ಮೊಟ್ಟೆ ಇಟ್ಟಿತ್ತು. ಗೂಡು ಅಂತ ಏನಿಲ್ಲ, ಅಂಗೈಯಗಲದ ತಗ್ಗು, ಸುತ್ತ ಬೆಣಚುಕಲ್ಲಿನ ಚೂರು, ಮೊಟ್ಟೆಗಳ ಚೂಪು ತುದಿ ಎಲ್ಲ ಒಳಮುಖ. ಬಿಸಿಲೇರಿದಾಗ ಹಕ್ಕಿ ನೀರಿಗಿಳಿದು ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರೋದು, ಅವು ಬೇಯದಿರಲಿ ಅಂತ. ಹೂಳೆತ್ತೋ ಟ್ರ್ಯಾಕ್ಟರ್ ಹತ್ತದಿರಲಿ ಅಂತ ನಾನು ಸುತ್ತ ನಾಲ್ಕು ಕಲ್ಲಿಟ್ಟು ಸುಣ್ಣ ಬಳಿದೆ. ಅದೇ ತಪ್ಪಾಯ್ತು. ಬಿಳಿ ಕಲ್ಲು ನೋಡಿ ಹುಡುಗರು ಬಂದರು, ಅವರ ಹಿಂದೆ ನಾಯಿ. ಹತ್ತೊಂಬತ್ತನೇ ದಿನ ಹೋದ್ರೆ ತಗ್ಗು ಖಾಲಿ. ಮರಿಯಾಗೋಕೆ ಹತ್ತಿರ 28 ದಿನ ಬೇಕು.

ಧಾರವಾಡದಾಂವ:
ಕಲ್ಲ ಇಡೂದಕ್ಕಿಂತ ಟ್ರ್ಯಾಕ್ಟರ್‌ದವರ ಜೋಡಿ ಮಾತಾಡಬೇಕಿತ್ರಿ. ನಾ ಮಾತಾಡೀನಿ. ಚಾ ಕುಡಿಸಿ ಜಾಗಾ ತೋರಿಸಿದೆ, ಎರಡು ವಾರ ಆ ಮೂಲಿ ಬಿಟ್ಟು ಅಗದ್ರು, ಮೂರು ಮರಿ ಹೊರಗ ಬಂದ್ವು. ನನಗ ಪೆಟ್ಟು ಬಿದ್ದಿದ್ದು ಕ್ಯಾಮೆರಾದಾಗ. ಲೆನ್ಸಿಗೆ 92,000, ಹದಿನೆಂಟು ತಿಂಗಳ ಕಂತು, ಆರನೇ ಕಂತು ಕಟ್ಟೂದರಾಗ ಏರಿ ಮ್ಯಾಲಿಂದ ಉರುಳಿ ಬಿತ್ತು, ರಿಪೇರಿಗೆ 17,600. ಆದ್ರ ಚಾತಕ ಸಿಕ್ತು! ಫೋನಿನ್ಯಾಗ ಅದರ ಕೂಗು ಹಚ್ಚಿದೆ, ಎರಡ ನಿಮಿಷದಾಗ ಎದುರಿನ ಜಾಲಿಗಿಡಕ್ಕ ಬಂದು ಕುಂತಿತು. ಆಫ್ರಿಕಾದಿಂದ ಮಳಿ ಕರಕೊಂಡು ಬರೂ ಹಕ್ಕಿ.

ಕೆರೆ ಏರಿ, ಮೈಸೂರು:
ಮರಿ ಮಾಡೋ ಕಾಲದಲ್ಲಿ ಕೂಗು ಹಾಕಿ ಕರೆಯೋದಾ? ತನ್ನ ಜಾಗಕ್ಕೆ ಇನ್ನೊಂದು ನುಗ್ಗಿತು ಅಂತ ಅದು ಕೆರಳಿ ಬಂದಿದ್ದು. ನನಗೆ ಬುದ್ಧಿ ಹೇಳೋಕೆ ಮುಂಚೆ ಆ ಫೋನು ಜೇಬಿಗೆ ಹಾಕಿ.

ಧಾರವಾಡದಾಂವ:
ನಂದು ಎರಡ ನಿಮಿಷ. ನಿಮ್ಮ ಸುಣ್ಣದ ಕಲ್ಲು ಎಷ್ಟು ದಿನ ಇತ್ರಿ?

ಕೋಲಾರದ ಅಕ್ಕ:
ಇಬ್ಬರೂ ನಿಲ್ಸಿ. ಆಫ್ರಿಕಾದಿಂದ ಮುಂಗಾರಿನ ಜೊತೆ ಬರೋ ಚಾತಕ ಹೆಚ್ಚಾಗಿ ಉತ್ತರ, ಮಧ್ಯ ಭಾರತದ್ದು. ದಕ್ಷಿಣದಲ್ಲೂ ಶ್ರೀಲಂಕಾದಲ್ಲೂ ವರ್ಷವಿಡೀ ಇರೋ ಪಂಗಡ ಬೇರೆ ಇದೆ. ನಾನು ಡಿಸೆಂಬರಿನಲ್ಲಿ ನೋಡಿದೆ ಅಂದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ನಂಬಲಿಲ್ಲ, ಎರಡು ವರ್ಷ ಮಾತು ಬಿಟ್ಟಿದ್ದೆ. ಮೇನಲ್ಲಿ ಚಾತಕ ನೋಡೋದಾದ್ರೆ ಹರಟೆಮಲ್ಲಗಳ (ಗುಂಪಾಗಿ ಗದ್ದಲ ಮಾಡ್ತಾ ಓಡಾಡೋ ಕಂದು ಹಕ್ಕಿಗಳ) ಹಿಂದೆ ಹೋಗಿ. ಅವುಗಳ ನೀಲಿ ಮೊಟ್ಟೆ ನಡುವೆ ತನ್ನ ನೀಲಿ ಮೊಟ್ಟೆ ಇಡೋಕೆ ಚಾತಕ ಅಲ್ಲೇ ಸುಳಿದಾಡ್ತಿರುತ್ತೆ.

ಧಾರವಾಡದಾಂವ:
ಧಾರವಾಡಕ್ಕ ಬರೂದು ಯಾವ ಪಂಗಡ ಅಂತ ಕೋಲಾರದಾಗ ಕುಂತು ಹೆಂಗ ಹೇಳತೀರಿ ಅಕ್ಕಾರ?

ಸಾಗರದ ಮಳೆ:
ಪಾಪ, ಅವರು ಬೈನಾಕ್ಯುಲರ್ ಕೇಳಿದ್ದು. 10×50 ಮಾತ್ರ ಬೇಡ.

ತೆಂಗಿನತೋಟ, ತಿಪಟೂರು:
ಇವತ್ತು ಬರಿಗಣ್ಣಲ್ಲೇ ಹೋಗಿದ್ವಿ. ಬಾವಿ ಮೇಲೆ ಬಾಗಿದ ಈಚಲ ಮರದಲ್ಲಿ ಗೀಜಗ ಗೂಡು ಶುರುಮಾಡಿವೆ. ಎಲ್ಲವೂ ಅರ್ಧಕ್ಕೇ ನಿಂತಿವೆ, ಮಗುಚಿ ಹಾಕಿದ ಬುಟ್ಟಿ ಥರ. ಹೆಣ್ಣು ಬಂದು ಒಪ್ಪೋವರೆಗೆ ಕೊಳವೆ ಕಟ್ಟಲ್ಲ ಅಂತ ನಮ್ಮಪ್ಪ ಹೇಳಿದ್ರು. ಮಗಳು ಹನ್ನೊಂದು ಎಣಿಸಿದಳು. 8×42 ತಗೊಳ್ತೀನಿ. ಅಂಗಳದಲ್ಲಿ ಟಿಟ್ಟಿಭ ಕೂಗಿದ್ರೆ ಅಲ್ಲಿಂದಲೇ ವಾಪಸ್ ತಿರುಗ್ತೀವಿ.