ಅಪ್‌ಡೇಟ್: ಮಗಳಿಗೆ ನಾಮಿನೇಷನ್ ಸಿಕ್ಕಿತು

ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ಗೆ ಸೇರಲು ಬೇಕಾದ ನಾಮಿನೇಷನ್‌ಗೆ, ಅಂದರೆ ಜನಪ್ರತಿನಿಧಿ ಹೆಸರು ಸೂಚಿಸುವುದಕ್ಕೆ, ನಮ್ಮ ಕ್ಷೇತ್ರದ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಸದಸ್ಯರಿಗೆ ಮಾತ್ರ ಅರ್ಜಿ ಹಾಕಿದರೆ ಸಾಕಾ ಅಂತ ಕೇಳಿದ್ದೆ, ಅಲ್ವಾ? ಸಾಲದು ಅಂದಿರಿ. ನಮ್ಮ ರಾಜ್ಯದ ಇಬ್ಬರು ಸೆನೆಟರ್‌ಗಳಿಗೂ (ಸಂಸತ್ತಿನ ಮೇಲ್ಮನೆ ಸದಸ್ಯರಿಗೂ) ಹಾಕಿಸಿದೆವು. ಒಬ್ಬ ಸದಸ್ಯರ ಲೆಕ್ಕದಲ್ಲಿ ಒಂದು ಅಕಾಡೆಮಿಯಲ್ಲಿ ಒಂದೇ ಸಲಕ್ಕೆ 5 ಜನ ಮಾತ್ರ ಇರಬಹುದು, ಅದಕ್ಕೇ ಇಷ್ಟು ಪೈಪೋಟಿ.

ಸಂದರ್ಶನದ ದಿನ ಕಾರಲ್ಲೇ ಕೋಟಿನ ತೋಳಿಗೆ ಕಾಫಿ ಚೆಲ್ಲಿಕೊಂಡಳು. ಕಲೆ ಕಾಣದ ಹಾಗೆ ಕೈಯನ್ನು ಮೇಜಿನ ಕೆಳಗಿಟ್ಟುಕೊಂಡೇ ಮಾತಾಡಿದಳಂತೆ. "ಈ ವರ್ಷ ಸೀಟು ಸಿಗದಿದ್ದರೆ?" ಅಂತ ಕೇಳಿದರಂತೆ. "ಕಾಲೇಜಲ್ಲಿ ಆರ್‌ಒಟಿಸಿ ಸೇರ್ತೀನಿ, ಮುಂದಿನ ವರ್ಷ ಮತ್ತೆ ಇಲ್ಲೇ ಬಂದು ಕೂರ್ತೀನಿ" ಅಂದಳಂತೆ. ಆರ್‌ಒಟಿಸಿ ಅಂದರೆ ಕಾಲೇಜಲ್ಲಿ ಓದುತ್ತಲೇ ಸೇನಾಧಿಕಾರಿಯಾಗಲು ಪಡೆಯುವ ತರಬೇತಿ.

ಒಬ್ಬ ಸೆನೆಟರ್ ಕಡೆಯಿಂದ ಪತ್ರ ಬಂತು. ಆದರೆ ನಾಮಿನೇಷನ್ ಅಂದರೆ ಸೀಟಲ್ಲ. ಮೆಡಿಕಲ್ ಇನ್ನೂ ಬಾಕಿ. ಕನ್ನಡಕದ ನಂಬರ್ ಜಾಸ್ತಿ, ಅದೇ ಭಯ. ಊರಲ್ಲಿರುವ ಅಜ್ಜಿಗೆ ಇನ್ನೂ ಹೇಳಿಲ್ಲ.