ರಾಮಪತ್ರೆ, ಸಾಲುಧೂಪ, ಉಪ್ಪಾಗೆ: ಮೂರನ್ನೂ ಒಂದೇ ದಿನ ಬಿತ್ತಬಹುದೇ?

ಶಂಕರಘಟ್ಟ_ಹಸಿರು:
ಎಲ್ಲರಿಗೂ ನಮಸ್ಕಾರ. ಶಂಕರಘಟ್ಟದ ನಮ್ಮ ವಿಶ್ವವಿದ್ಯಾಲಯದ ಸಸ್ಯೋದ್ಯಾನಕ್ಕೆ ಈ ಮಳೆಗಾಲದಲ್ಲಿ ಈ ಮೂರೂ ಜಾತಿಯ ಕಾಡುಮರಗಳ ಸಸಿ ಎಬ್ಬಿಸಬೇಕೆಂದಿದೆ. ಭಾನುವಾರದ ಶ್ರಮದಾನಕ್ಕೆ ವಿದ್ಯಾರ್ಥಿಗಳೂ ಸುತ್ತಲಿನ ಊರಿನವರೂ ಬರುತ್ತಾರೆ. ಬೀಜ ಒಟ್ಟುಮಾಡಿ, ಒಣಗಿಸಿಟ್ಟು, ಒಂದೇ ಭಾನುವಾರ ಬಿತ್ತಿದರೆ ಆದೀತೇ? ಮಣ್ಣು, ನೆರಳು ಹೇಗಿರಬೇಕು?

ಹೊಸನಗರ_ನರ್ಸರಿ:
ಒಣಗಿಸಲೇಬೇಡಿ ಸರ್. ಸಾಲುಧೂಪ, ರಾಮಪತ್ರೆ ಎರಡೂ ಹಸಿಬೀಜದ ಜಾತಿ. ತೇವ ಆರಿದರೆ ಒಳಗಿನ ಜೀವವೇ ಹೋಗುತ್ತದೆ, ಆಮೇಲೆ ನೆನೆಹಾಕಿ ಪ್ರಯೋಜನವಿಲ್ಲ. ಫ್ರಿಜ್ಜೂ ಬೇಡ.

ಸಾಲುಧೂಪದ ಬೀಜ ಬಿದ್ದಲ್ಲೇ ಮೊಳೆಯುತ್ತದೆ. ಹೆಕ್ಕಿ ತಂದ ಎರಡು ಮೂರು ದಿನದೊಳಗೆ ನೇರ ಮಣ್ಣು ತುಂಬಿದ ಚೀಲಕ್ಕೇ ಹಾಕಿ. ತಾಯಿಬೇರು ಬೇಗ ಉದ್ದವಾಗುವುದರಿಂದ 8×12 ಇಂಚಿನ ಚೀಲ ಬೇಕು. ಸಣ್ಣದರಲ್ಲಿ ಬೇರು ಸುತ್ತಿಕೊಂಡು, ನೆಟ್ಟ ಮೇಲೆ ಗಿಡ ಏಳುವುದಿಲ್ಲ. ಬೀಜವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತರಬೇಡಿ, ಬಿಸಿಯಾಗಿ ಕೊಳೆಯುತ್ತದೆ. ಒದ್ದೆ ಗೋಣಿಚೀಲದಲ್ಲಿ ತೆಳ್ಳಗೆ ಹರಡಿ ತನ್ನಿ.

ರಾಮಪತ್ರೆಯದ್ದು ಕಾಯಿ ಒಡೆದ ತಕ್ಷಣ ಪತ್ರೆ (ಬೀಜ ಸುತ್ತಿದ ಕೆಂಪು ಹೊದಿಕೆ) ಬಿಡಿಸಿ, ತೊಳೆದು, ಮರಳುಮಡಿಯಲ್ಲಿ ಅಡ್ಡ ಮಲಗಿಸಿ ತೆಳ್ಳಗೆ ಮುಚ್ಚಿ. ಪತ್ರೆ ಉಳಿದರೆ ಬೂಸ್ಟು ಹಿಡಿಯುತ್ತದೆ. ಮೊಳೆಯಲು ಒಂದೆರಡು ತಿಂಗಳಾದರೂ ಬೇಕು, ಅಗೆದು ನೋಡುವ ಆತುರ ಬೇಡ.

ಉಪ್ಪಾಗೆಯ ಕಥೆ ಬೇರೆ. ಹಾಗೇ ಹಾಕಿದರೆ ಆರೇಳು ತಿಂಗಳು ಮಡಿಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಹುಳಿ ತಿರುಳು ತೊಳೆದು, ನೆರಳಲ್ಲಿ ಆರಿಸಿ, ಒಳಗಿನ ಬಿತ್ತಕ್ಕೆ ಗಾಯವಾಗದಂತೆ ಹೊರಸಿಪ್ಪೆ ಬಿಡಿಸಿ ಹಾಕಿದರೆ ಬಹಳ ಬೇಗ ಮೊಳೆಯುತ್ತದೆ. ನಿಮ್ಮ ಭಾನುವಾರದ ಜನಕ್ಕೆ ಕೊಡಬೇಕಾದ ಕೆಲಸ ಇದೇ. ಉಳಿದೆರಡರ ಬೀಜ ಭಾನುವಾರಕ್ಕೆ ಕಾಯುವುದಿಲ್ಲ. ವಾರದ ನಡುವೆ ಬಿತ್ತಲು ನಾಲ್ಕು ಜನರನ್ನು ಗೊತ್ತುಮಾಡಿಕೊಳ್ಳಿ.

ಮಣ್ಣುಗೊಬ್ಬರ:
ಮಿಶ್ರಣಕ್ಕೆ ಕೆಂಪುಮಣ್ಣು ಎರಡು ಪಾಲು, ಮರಳು ಒಂದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು. ಹಸಿ ಸಗಣಿ ಸೇರಿದರೆ ಗೊಣ್ಣೆಹುಳ ಬರುತ್ತದೆ. ಮೊದಲು ಶೇಕಡಾ 75 ನೆರಳು ಕೊಡುವ ಶೇಡ್‌ನೆಟ್, ಎಲೆ ಬಲಿತ ಮೇಲೆ 50. ನೆಟ್ ಮಳೆ ತಡೆಯುವುದಿಲ್ಲ. ದಪ್ಪ ಹನಿಗೆ ಮರಳು ಕೊಚ್ಚಿ ಬೀಜ ಮೇಲೆ ಬರುತ್ತದೆ, ಹಾಗಾಗಿ ತೆಳ್ಳಗೆ ದರಗು (ಒಣ ಎಲೆ) ಹೊದಿಸಿ. ಆರಿದ್ರಾ, ಪುನರ್ವಸು ಮಳೆಯಲ್ಲಿ ಸಸಿ ಬುಡ ಕೊಳೆತು ಮಗುಚಿದರೆ ಮೊದಲು ನೀರು ಬಸಿಯುವ ದಾರಿ ನೋಡಿ. ಮಡಿ ನೆಲದಿಂದ ಒಂದಡಿ ಎತ್ತರ ಇರಲಿ. ಅದಾದ ಮೇಲೂ ನಿಲ್ಲದಿದ್ದರೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಬೆರೆಸಿ ಬುಡಕ್ಕೆ ಸುರಿಯಿರಿ. ರೋಗ ತಡೆಯಲೆಂದು ಗೊಬ್ಬರಕ್ಕೆ ಟ್ರೈಕೋಡರ್ಮಾ ಸೇರಿಸಿದ್ದರೆ ಇದನ್ನು ಹಾಕಬೇಡಿ, ಅದೂ ಒಂದು ಶಿಲೀಂಧ್ರವೇ, ತಾಮ್ರದಿಂದ ಅದಕ್ಕೂ ಪೆಟ್ಟಾಗಬಹುದು.

ಕಾನುಮರ:
ಎರಡು ಮಾತು ಸೇರಿಸುತ್ತೇನೆ. ಕಾಡಿನಿಂದ ಬೀಜ ತರುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮರದಡಿ ಸಾಕಷ್ಟು ಬಿಟ್ಟೂ ಬರಬೇಕು. ಒಂದೇ ಮರದ ಬೀಜ ಬೇಡ. ಬೀಜ ಹೆಕ್ಕಿದ ಜಾಗ, ತಾರೀಕು, ತಾಯಿಮರದ ಸಂಖ್ಯೆಯನ್ನು ಅಂದೇ ತೆಳು ಅಲ್ಯೂಮಿನಿಯಂ ಪಟ್ಟಿಯ ಮೇಲೆ ಒತ್ತಿ ಬರೆಯಿರಿ. ಈ ದಾಖಲೆ ಇಲ್ಲದ ಗಿಡ ಸಸ್ಯೋದ್ಯಾನದಲ್ಲಿದ್ದರೂ ಅಧ್ಯಯನಕ್ಕೆ ಅರ್ಧ ಉಪಯೋಗ.

ಶಂಕರಘಟ್ಟದ ಕಡೆ ಬೇಸಿಗೆ ಒಣ. ರಾಮಪತ್ರೆಯನ್ನು ಬಯಲಿಗೆ ನೆಡಬೇಡಿ, ನೀರಿನ ಆಸರೆ ಇರುವ ದೊಡ್ಡ ಮರಗಳ ನೆರಳಿಗೆ ಕೊಡಿ. ರಾಮಪತ್ರೆ, ಉಪ್ಪಾಗೆ ಎರಡರಲ್ಲೂ ಗಂಡು ಹೆಣ್ಣು ಮರ ಬೇರೆ ಬೇರೆ. ಹೂ ಬರುವವರೆಗೆ ಗೊತ್ತಾಗದು, ಹಾಗಾಗಿ ಎರಡೋ ಮೂರೋ ನೆಟ್ಟು ನಿಲ್ಲಿಸಬೇಡಿ, ಗುಂಪಾಗಿ ನೆಡಿ.

ಶಂಕರಘಟ್ಟ_ಹಸಿರು:
ತುಂಬಾ ಉಪಕಾರವಾಯಿತು. ಉಪ್ಪಾಗೆಯಲ್ಲಿ ಹೆಣ್ಣೇ ಬೇಕೆಂದರೆ ಕಸಿ ಕಟ್ಟಬಹುದಲ್ಲವೇ?

ಹೊಸನಗರ_ನರ್ಸರಿ:
ಕಟ್ಟಬಹುದು. ಕಾಯಿ ಬಿಟ್ಟ ಮರದ್ದೇ ಕಡ್ಡಿ ತನ್ನಿ, ಆದರೆ ನೆಟ್ಟಗೆ ಮೇಲಕ್ಕೆ ಹೋದ ಚಿಗುರಿನದ್ದಾಗಿರಲಿ. ಅಡ್ಡಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಮೇಲೇಳದೆ ಪೊದೆಯಂತೆ ಅಗಲಕ್ಕೇ ಹರಡುತ್ತದೆ.