ಅತ್ತೆ, ಎರಡು ಮಕ್ಕಳು, ಮಂಗಳೂರಲ್ಲಿ ಒಂದೂವರೆ ದಿನ: ಯಾವ ಬೀಚಿಗೆ ಹೋಗೋದು?

ಮೇಗರವಳ್ಳಿ ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ತಾಲೂಕಿನವರು. ಕೊನೆಕೊಯ್ಲು ಮುಗಿದು ಅಡಕೆ ಮಂಡಿ ಸೇರಿದ ಮೇಲೆ ಈ ಸಲ ಮಂಗಳೂರಿಗೆ ಹೋಗಿ ಬರೋಣ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಫೆಬ್ರವರಿಯಲ್ಲಿ ಯಾವುದಾದ್ರೂ ಶನಿವಾರ ಬೆಳಗಿನ ಜಾವ ಹೊರಟು ಭಾನುವಾರ ರಾತ್ರಿಯೊಳಗೆ ವಾಪಸ್ ಮನೆ ಸೇರಬೇಕು. ಕೊಟ್ಟಿಗೆಯಲ್ಲಿ ಕರೆಯೋ ಹಸು ಇದೆ, ಪಕ್ಕದ ಮನೆಯವರು ಒಂದು ದಿನ ನೋಡ್ಕೊಳ್ತೀವಿ ಅಂದಿದ್ದೇ ಹೆಚ್ಚು.

ಹೋಗೋರು ನಾವಿಬ್ಬರು, ಆರನೇ ಕ್ಲಾಸಿನ ಮಗ, ಎರಡನೇ ಕ್ಲಾಸಿನ ಮಗಳು, ಮತ್ತೆ ಅತ್ತೆ. ಅತ್ತೆಗೆ ಮಂಡಿನೋವು. ಮೆಟ್ಟಿಲು ಆಗಲ್ಲ, ಮರಳಲ್ಲಿ ದೂರ ನಡೆಯೋಕಾಗಲ್ಲ. ಆದ್ರೆ ಸಮುದ್ರಕ್ಕೆ ಕಾಲಿಡಲೇಬೇಕು ಅಂತ ಹಟ. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ ಹೊಳೇಲಿ ಮುಳುಗೋದನ್ನ ಒಂದು ವರ್ಷವೂ ತಪ್ಪಿಸಿದವರಲ್ಲ. ಸಮುದ್ರ ಸ್ನಾನಕ್ಕೂ ಪರ್ವಕಾಲವೇ ಆಗಬೇಕು, ಅಮಾವಾಸ್ಯೆ ನೋಡಿ ಹೊರಡೋಣ ಅಂತಿದಾರೆ. ಯಜಮಾನ್ರಿಗೆ ಮೀನು ಸಿಕ್ರೆ ಸಾಕು, ಸಮುದ್ರ ಇದ್ರೂ ಸರಿ ಇಲ್ದಿದ್ರೂ ಸರಿ. ಶನಿವಾರ ಅತ್ತೆ ಮೀನು ಮುಟ್ಟಲ್ಲ, ಎದುರಿಗೆ ಕೂತು ಯಾರಾದ್ರೂ ತಿಂದ್ರೂ ಮುಖ ಸಿಂಡರಿಸ್ತಾರೆ.

ಯಜಮಾನ್ರು ಮೊಬೈಲ್ ನೋಡಿ ಮಾಡಿರೋ ಪಟ್ಟಿ ಇದು: ಪಣಂಬೂರು, ತಣ್ಣೀರುಬಾವಿ, ಸುರತ್ಕಲ್, ಸೋಮೇಶ್ವರ, ಪಿಲಿಕುಳ, ಕದ್ರಿ, ಕುದ್ರೋಳಿ, ಸೇಂಟ್ ಅಲೋಶಿಯಸ್ ಚಾಪೆಲ್, ಒಂದು ಮಾಲ್, ಬರುವಾಗ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪ. ಕಾರು ನಮ್ಮದೇ ಅಲ್ವಾ, ಆಗುತ್ತೆ ಬಿಡು ಅಂತಾರೆ. ನನಗಂತೂ ನಂಬಿಕೆ ಇಲ್ಲ. ಗೊತ್ತಿರೋರು ಯಾವುದು ಬಿಡಬಹುದು ಅಂತ ಹೇಳಿ ಪುಣ್ಯ ಕಟ್ಕೊಳ್ಳಿ.

ವಿನೋಬನಗರದವ

ತಂಗೀ, ನಾನು ಶಿವಮೊಗ್ಗದವನೇ. ಕೆಲಸದ ಮೇಲೆ ಸುರತ್ಕಲ್ಲಿನಲ್ಲಿ ಬಹಳ ವರ್ಷ ಬಾಡಿಗೆ ಮನೆ ಮಾಡಿದ್ದೆ. ಊರಿಂದ ಬಂದ ನೆಂಟರನ್ನೆಲ್ಲ ಬೀಚಿಗೆ ಕರ್ಕೊಂಡು ಹೋಗೋ ಉದ್ಯೋಗ ಸಂಬಳವಿಲ್ಲದೆ ಮಾಡಿದೀನಿ, ಹಾಗಾಗಿ ಹೇಳೋಕೆ ಅಧಿಕಾರ ಇದೆ ಅಂದ್ಕೊಳ್ತೀನಿ.

ನಿಮ್ಮ ಯಜಮಾನ್ರ ಪಟ್ಟಿಯಲ್ಲಿ ಅರ್ಧ ಹೊಡೆದು ಹಾಕಿ. ಸೇಂಟ್ ಮೇರೀಸ್ ಮೊದಲು ಹೋಗಲಿ. ಲಾವಾ ಗಟ್ಟಿಯಾಗಿ ಕಂಬ ಕಂಬವಾಗಿ ನಿಂತ ಕಲ್ಲುಗಳು, ಅದ್ಭುತ ಜಾಗ, ಸುಳ್ಳಲ್ಲ. ಆದ್ರೆ ಬೋಟು ಹತ್ತಿ ಇಳಿಯೋದು, ಕಲ್ಲಿನ ಮೇಲೆ ನಡೆಯೋದು ಮಂಡಿನೋವಿನವರಿಗೆ ಶಿಕ್ಷೆ. ಮಾಲ್ ಶಿವಮೊಗ್ಗದಲ್ಲೇ ಇದೆ. ಬೀಚುಗಳಲ್ಲಿ ಒಂದೇ ಒಂದನ್ನ ಆರಿಸಿ, ಮೂರು ನಾಲ್ಕು ಗಂಟೆ ಅಲ್ಲೇ ಕೂರಿ. ನಾಲ್ಕು ಬೀಚು ನೋಡ್ತೀನಿ ಅಂತ ಹೊರಟೋರು ನೋಡೋದು ನಾಲ್ಕು ಪಾರ್ಕಿಂಗ್ ಜಾಗ.

ಯಾವುದು ಅಂದ್ರೆ, ನನ್ನ ಮತ ತಣ್ಣೀರುಬಾವಿಗೆ. ಗಾಳಿಮರದ ನೆರಳಿದೆ, ಅತ್ತೆಯವರಿಗೆ ಒಂದು ಮಡಚೋ ಕುರ್ಚಿ ತಗೊಂಡು ಹೋದ್ರೆ ಸಂಜೆವರೆಗೂ ಆರಾಮಾಗಿ ಕೂರಬಹುದು. ಇನ್ನೊಂದು ಕಾರಣ ದಾರಿ. ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ಗುರುಪುರ ಹೊಳೆ ದಾಟಿಸೋ ದೋಣಿ ಇದೆ. ಬತ್ತೇರಿ ಅಂದ್ರೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಗೋಪುರ, ನೋಡೋಕೆ ಹತ್ತು ನಿಮಿಷ ಸಾಕು. ಮಕ್ಕಳಿಗೆ ದೋಣಿಯೇ ಹಬ್ಬ. ಯಜಮಾನ್ರು ಅತ್ತೆಯನ್ನ ಕಾರಲ್ಲಿ ಕೂರಿಸ್ಕೊಂಡು ಕೂಳೂರು ಸೇತುವೆ ಸುತ್ತಿ ಆ ದಡಕ್ಕೆ ಬರಲಿ, ನೀವು ಮಕ್ಕಳ ಜೊತೆ ದೋಣೀಲಿ ಹೋಗಿ. ಮಳೆಗಾಲದಲ್ಲಿ ದೋಣಿ ನಿಲ್ಲಿಸ್ತಾರೆ, ಫೆಬ್ರವರಿಗೆ ತೊಂದರೆ ಇಲ್ಲ.

ಪಣಂಬೂರಲ್ಲಿ ಭಾನುವಾರ ಜಾತ್ರೆ. ಒಂಟೆ, ಚುರುಮುರಿ, ಗಾಳಿಪಟ, ಎಲ್ಲಾ ಇರುತ್ತೆ. ಬಂದರಿನ ಪಕ್ಕದಲ್ಲೇ ಇರೋದ್ರಿಂದ ದೂರದಲ್ಲಿ ಲಂಗರು ಹಾಕಿ ಕಾಯ್ತಿರೋ ಹಡಗು ಕಾಣುತ್ತೆ, ಹುಡುಗನಿಗೆ ಅದು ಇಷ್ಟ ಆಗಬಹುದು. ಕುದುರೆಮುಖದ ಅದಿರು ನೀರಲ್ಲಿ ಕಲಸಿ ಘಟ್ಟದಿಂದ ಕೊಳವೇಲಿ ಇಳೀತಿದ್ದದ್ದು ಇದೇ ಪಣಂಬೂರಿಗೆ. 2005ರ ಕೊನೆಗೆ ಗಣಿ ನಿಂತಿತು. ನಮ್ಮ ಬೆಟ್ಟದ ಮಣ್ಣು ಎಲ್ಲೆಲ್ಲಿಗೆ ಹೋಗಿದೆಯೋ!

ಈಗ ಮುಖ್ಯ ವಿಷಯ. ನಮ್ಮ ಕಡೆ ಮಕ್ಕಳು ಹೊಳೇಲಿ ಈಜು ಕಲಿತಿರ್ತವೆ, ಅದೇ ಧೈರ್ಯದಲ್ಲಿ ಕಡಲಿಗೆ ಇಳೀತವೆ. ಹೊಳೆ ಒಂದು ದಿಕ್ಕಿಗೆ ಎಳೆಯುತ್ತೆ, ಕಡಲು ಹಾಗಲ್ಲ. ದಡಕ್ಕೆ ಬಂದು ಬಿದ್ದ ನೀರು ವಾಪಸ್ ಹೋಗಬೇಕಲ್ಲ, ಅದು ದಡದುದ್ದಕ್ಕೂ ಒಂದೇ ಸಮ ಹೋಗಲ್ಲ. ಮರಳು ತಗ್ಗಾಗಿರೋ ಕಡೆ, ತೋಟದಲ್ಲಿ ಬದು ಒಡೆದ ಜಾಗಕ್ಕೆ ನೀರೆಲ್ಲ ನುಗ್ಗೋ ಹಾಗೆ, ಒಂದೇ ಕಡೆ ಕೂಡಿಕೊಂಡು ಜೋರಾಗಿ ಒಳಕ್ಕೆ ಹೋಗುತ್ತೆ. ಮೋಸ ಏನು ಅಂದ್ರೆ ಆ ಜಾಗದಲ್ಲಿ ಅಲೆ ಒಡೆಯಲ್ಲ. ಎಡಕ್ಕೂ ಬಲಕ್ಕೂ ಬಿಳಿ ನೊರೆ, ನಡುವೆ ಮಾತ್ರ ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತೆ. ಹೊಸಬರು ಇಲ್ಲೇ ಒಳ್ಳೇದು ಅಂತ ಅಲ್ಲೇ ಇಳೀತಾರೆ. ಇಳಿಯೋ ಮೊದಲು ದಡದಲ್ಲಿ ನಿಂತು ಐದು ನಿಮಿಷ ನೊರೆ ನೋಡಿ. ಅಕಸ್ಮಾತ್ ಎಳೆದರೆ ದಡದ ಕಡೆಗೆ ಎದುರೀಜು ಹೊಡೆದು ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಎಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು. ಮಗನಿಗೆ ಇದನ್ನ ಮನೆಯಲ್ಲೇ ಹೇಳಿ ಕರ್ಕೊಂಡು ಬನ್ನಿ. ಮಂಡಿಗಿಂತ ಮೇಲೆ ನೀರಿಗೆ ಬಿಡಬೇಡಿ. ಜೀವರಕ್ಷಕರು ಸೀಟಿ ಊದಿದ್ರೆ ಅವರ ಜೊತೆ ವಾದ ಮಾಡಬೇಡಿ, ನಮ್ಮವರಿಗೆ ಆ ಚಾಳಿ ಇದೆ.

ಪಡುಕಡಲು

ನಾನು ಕುಡ್ಲದವಳು, ಮದುವೆಯಾಗಿ ಬಂದದ್ದು ಕೊಪ್ಪಕ್ಕೆ. ಮೇಲಿನವರು ಹೇಳಿದ್ದು ಸರಿ ಉಂಟು, ಆದ್ರೆ ನಿಮ್ಮ ಅತ್ತೆಯವರ ವಿಷಯ ಅವರು ಹಾರಿಸಿದ್ರು.

ಅಮಾವಾಸ್ಯೆ ಸ್ನಾನಕ್ಕೆ ನಮ್ಮಲ್ಲಿ ಜನ ಹೋಗುವುದು ಉಳ್ಳಾಲದ ಸೋಮೇಶ್ವರಕ್ಕೆ. ಸೋಮನಾಥನ ದೇವಸ್ಥಾನ, ಕೆಳಗೆ ದೊಡ್ಡ ಬಂಡೆ, ರುದ್ರಶಿಲೆ ಅಂತಾರೆ. ಆದ್ರೆ ದಯವಿಟ್ಟು ಅವರನ್ನು ಅಲ್ಲಿ ನೀರಿಗೆ ಇಳಿಸಬೇಡಿ. ದಡ ಇಳಿಜಾರು, ಬಂಡೆಗೆ ಬಡಿದ ಅಲೆ ಹೇಗೆ ತಿರುಗುತ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಜೊತೆಗೆ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಕಾಲು ಗಟ್ಟಿ ಇಲ್ಲದವರಿಗೆ ಪರ್ವಕಾಲವೇ ಕಷ್ಟದ ಕಾಲ ಮಾರಾಯ್ರೆ. ಮೇಲಿಂದ ಸೂರ್ಯ ಮುಳುಗುವುದು ನೋಡ್ಲಿಕ್ಕೆ ಮಾತ್ರ ಅಷ್ಟು ಚಂದದ ಜಾಗ ಬೇರೆ ಇಲ್ಲ.

ಅವರಿಗೆ ಒಂದು ಸಂಗತಿ ಹೇಳಿ, ಮನಸ್ಸು ತಿರುಗಿದರೂ ತಿರುಗೀತು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಒಂದೇ ಗಂಗಾಮೂಲದಲ್ಲಿ ಅಂತಲ್ವಾ. ನಿಮ್ಮ ತುಂಗೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಕೃಷ್ಣೆಗೆ ಸೇರಿ, ಎಲ್ಲಿಯೋ ಬಂಗಾಳಕೊಲ್ಲಿಗೆ ಹೋಗ್ತಾಳೆ. ನೇತ್ರಾವತಿ ಮಾತ್ರ ಇತ್ತ ಇಳಿದು ಮಂಗಳೂರಿನ ಅಳಿವೆಯಲ್ಲಿ ಗುರುಪುರ ಹೊಳೆಯನ್ನೂ ಕೂಡಿಕೊಂಡು ಕಡಲಿಗೆ ಸೇರ್ತಾಳೆ. ಅಕ್ಕನಲ್ಲಿ ವರ್ಷವರ್ಷವೂ ಮಿಂದವರು ತಂಗಿ ಸೇರಿದ ಕಡಲಿನ ನೀರು ಚೊಂಬಿನಲ್ಲಿ ತಲೆಗೆ ಹಾಕಿಕೊಂಡ್ರೆ ಸಾಲದಾ? ಯಾವ ಅಮಾವಾಸ್ಯೆಯೂ ಬೇಡ. ಮಗ ಒಂದು ಬಕೆಟ್ ನೀರು ಕುರ್ಚಿ ಹತ್ತಿರ ತಂದು ಕೊಡ್ಲಿ.

ಇನ್ನು ನಿಮ್ಮ ಯಜಮಾನ್ರಿಗೆ. ಭಾನುವಾರ ಬೆಳಿಗ್ಗೆ ಆರಕ್ಕೆ ಮೀನು ಇಳಿಸುವ ಧಕ್ಕೆಗೆ ಹೋಗ್ಲಿ, ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹತ್ತಿರ. ಮಗನನ್ನೂ ಕರ್ಕೊಂಡು ಹೋಗ್ಲಿ. ಬೋಟಿನಿಂದ ಬುಟ್ಟಿ ಬುಟ್ಟಿ ಇಳಿಸ್ತಾ ಇರ್ತಾರೆ, ಐಸ್ ಪುಡಿ ಮಾಡುವ ಸದ್ದು, ಕಾಗೆ, ಗಿಡುಗ, ಏಲಂ ಕೂಗುವವರ ಗಂಟಲು. ಬುಟ್ಟಿ ಸುತ್ತ ನಿಂತ ಹೆಂಗಸರು ಬಗ್ಗಿ ಒಂದು ಬಂಗುಡೆ ಎತ್ತಿ ಕಿವಿರು ಸರಿಸಿ ನೋಡ್ತಾರೆ, ಕೆಂಪಗಿದ್ರೆ ಮಾತ್ರ ರೇಟಿಗೆ ಬಾಯಿ ಹಾಕ್ತಾರೆ. ಘಟ್ಟದ ಮೇಲೆ ಬೈಕಿನಲ್ಲಿ ಹಾರ್ನ್ ಹೊಡೆದುಕೊಂಡು ಬರುವ ಬೂತಾಯಿ ಮೀನು ಇಂಥ ಕಡೆಯಿಂದಲೇ ಹೊರಡುವುದು. ಜೂನ್, ಜುಲೈಯಲ್ಲಿ 61 ದಿನ ಯಂತ್ರದ ಬೋಟುಗಳಿಗೆ ನಿಷೇಧ, ಆಗ ಬಂದ್ರೆ ಬರೀ ಕಟ್ಟಿ ಹಾಕಿದ ಬೋಟು ನೋಡಿ ಹೋಗ್ಬೇಕು. ಫೆಬ್ರವರಿ ಒಳ್ಳೆ ಕಾಲ.

ಶನಿವಾರ ರಾತ್ರಿ ಎಲ್ಲರೂ ನೀರುದೋಸೆಯೋ ಗೋಳಿಬಜೆಯೋ ತಿಂದು, ಲಾಲ್‌ಬಾಗಿನ ಪಬ್ಬಾಸಿನಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನಿ. ಭಾನುವಾರ ಮಧ್ಯಾಹ್ನಕ್ಕೆ ಕಾಣೆ ಮೀನಿನ ರವಾ ಫ್ರೈ, ಬಂಗುಡೆ ಪುಳಿಮುಂಚಿ. ಅತ್ತೆಯವರ ವ್ರತವೂ ಉಳಿಯಿತು, ಯಜಮಾನ್ರ ಮುಖವೂ ಉಳಿಯಿತು.

ಘಟ್ಟದ ಸ್ಟೇರಿಂಗು

ದಾರಿ ಬಗ್ಗೆ ಯಾರೂ ಹೇಳಿಲ್ಲ. ಆಗುಂಬೆ ಘಾಟಿ ಇಳಿದು ಹೆಬ್ರಿಯಿಂದ ಉಡುಪಿ ಕಡೆ ಹೋಗ್ಬೇಡಿ. ಕಾರ್ಕಳ, ಮೂಡುಬಿದಿರೆ, ಗುರುಪುರ ಮೇಲೆ ಹೋಗಿ. ಆ ದಾರೀಲಿ ಪೇಟೆಗೆ ಮೊದಲೇ ವಾಮಂಜೂರು ಸಿಗುತ್ತೆ, ಪಿಲಿಕುಳಕ್ಕೆ ತಿರುಗೋದು ಅಲ್ಲೇ. ಊರೊಳಗೆ ಹೋಗಿ ಮತ್ತೆ ವಾಪಸ್ ಬರೋ ಕೆಲಸ ಇಲ್ಲ. ಪಿಲಿಕುಳ ಸೋಮವಾರ ರಜೆ, ನಿಮಗೆ ಅದು ಅಡ್ಡ ಬರಲ್ಲ. ಮೃಗಾಲಯದಲ್ಲಿ ನಡಿಗೆ ಇದೆ, ಅತ್ತೆ ತಾರಾಲಯದಲ್ಲಿ ಕೂರಲಿ. 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯ, ತ್ರೀಡಿ ಕನ್ನಡಕ ಕೊಡ್ತಾರೆ, ಎಸಿ ಬೇರೆ. ಅಲ್ಲಿ ಕಾಳಿಂಗ ಸರ್ಪ ಇದೆ ಅಂತ ಮಕ್ಕಳಿಗೆ ಹೇಳೋಕೆ ಹೋಗ್ಬೇಡಿ, ನಮ್ಮ ತೋಟಕ್ಕೇ ಬರುತ್ತಲ್ಲ ಅಂತಾರೆ.

ಘಾಟೀಲಿ 14 ತಿರುವು. ಮಕ್ಕಳಿಗೆ ಹೊಟ್ಟೆ ತುಂಬ ಕೊಟ್ಟು ಹೊರಡಬೇಡಿ, ಖಾಲಿ ಹೊಟ್ಟೇಲೂ ಬೇಡ. ತಿಂಡಿ ಹೆಬ್ರಿ ದಾಟಿದ ಮೇಲೆ. ಮೊಬೈಲ್ ಕೈಗೆ ಕೊಟ್ರೆ ವಾಂತಿ ಗ್ಯಾರಂಟಿ. ಹತ್ತೋ ಗಾಡಿಗೆ ದಾರಿ ಬಿಟ್ಟು ನಿಲ್ಲಿ. ಭಾನುವಾರ ವಾಪಸ್ ಬರುವಾಗ ಸೂರ್ಯಾಸ್ತಕ್ಕೆ ಅಂತ ಆಗುಂಬೆ ವ್ಯೂ ಪಾಯಿಂಟಲ್ಲಿ ನಿಂತ ಕಾರುಗಳು ರಸ್ತೆ ಅರ್ಧ ತುಂಬಿರ್ತವೆ, ಅದರ ಮೊದಲೇ ಹತ್ತಿಬಿಡಿ, ಇಲ್ಲಾ ಪೂರ್ತಿ ಕತ್ತಲಾದ ಮೇಲೆ ಬನ್ನಿ.

ಮೇಗರವಳ್ಳಿ ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೇತ್ರಾವತಿ ಮಾತು ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಬಕೆಟ್ ಪ್ಲಾಸ್ಟಿಕ್ಕಿಂದಾ?" ಅಂದ್ರು. ತಾಮ್ರದ ಕೊಡಪಾನ ಕಾರಿಗೆ ಹಾಕ್ಕೊಳ್ತೀವಿ ಅಂತ ಒಪ್ಪಿಸಿದೀನಿ.

ಇನ್ನೆರಡು ಪ್ರಶ್ನೆ. ಬಟ್ಟೆ ಬದಲಾಯಿಸೋಕೆ, ಶೌಚಾಲಯಕ್ಕೆ ಏನು ಗತಿ? ಅತ್ತೆಗೆ ಸಕ್ಕರೆ ಕಾಯಿಲೆ ಇದೆ, ಪದೇ ಪದೇ ಹೋಗಬೇಕಾಗುತ್ತೆ. ಹಿಂದಿನ ಸಲ ಬೇರೊಂದು ಊರಿನ ಬೀಚಲ್ಲಿ ಬೀಗ ಹಾಕಿದ ಶೌಚಾಲಯದ ಮುಂದೆ ನಿಂತು ಬಂದಿದೀವಿ, ಆ ಪಾಡು ಬೇಡ. ಮತ್ತೆ ಕದ್ರಿ, ಚಾಪೆಲ್ ಎರಡರಲ್ಲಿ ಒಂದೇ ಅಂದ್ರೆ ಯಾವುದು?

ವಿನೋಬನಗರದವ

ಶೌಚಾಲಯದ ಚಿಂತೆ ಇದ್ರೆ ನಾನು ಯೋಜನೆಯನ್ನೇ ಸ್ವಲ್ಪ ತಿರುಗಿಸ್ತೀನಿ. ತಣ್ಣೀರುಬಾವೀಲಿ ಶನಿವಾರ ಸಂಜೆ ಬರೀ ಕೂತು ನೋಡಿ, ಮಕ್ಕಳು ಮರಳಲ್ಲಿ ಆಡಲಿ. ನೀರಿಗಿಳಿಯೋದು ಭಾನುವಾರ ಮಧ್ಯಾಹ್ನದ ಮೇಲೆ, ವಾಪಸ್ ಬರೋ ದಾರೀಲಿ, ಪಡುಬಿದ್ರಿಯ ಎಂಡ್ ಪಾಯಿಂಟಲ್ಲಿ. 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ ಬೀಚು ಅದು. ಆ ಪತಾಕೆ ಸಿಗಬೇಕಾದ್ರೆ ನೀರಿನ ಗುಣಮಟ್ಟ, ಶೌಚಾಲಯ, ಜೀವರಕ್ಷಕರು ಇವೆಲ್ಲ ಇರಲೇಬೇಕು. ಬಟ್ಟೆ ಬದಲಾಯಿಸೋ ಕೋಣೆಯೂ ಅಲ್ಲಿದೆ. ಪ್ರವೇಶಕ್ಕೆ ದುಡ್ಡಿದೆ, ಕೊಟ್ಟರೆ ನಷ್ಟ ಇಲ್ಲ. ಪಕ್ಕದಲ್ಲೇ ಕಾಮಿನಿ ಹೊಳೆ. ಅತ್ತೆಯವರ ಕೊಡಪಾನದ ಕಾರ್ಯಕ್ರಮ ಅಲ್ಲೇ ಇಟ್ಕೊಳ್ಳಿ. ನೇತ್ರಾವತಿ ಅಲ್ಲಿಗೆ ಸೇರಲ್ಲವಲ್ಲ ಅಂತ ಅವರು ಕೇಳಿದ್ರೆ, ಕಡಲಿಗೆ ಬೇಲಿ ಹಾಕಿಲ್ಲ ಅನ್ನಿ. ಅಲ್ಲಿಂದ ಬೆಳ್ಮಣ್ಣು, ಕಾರ್ಕಳ ಮೇಲೆ ಹೆಬ್ರಿಗೆ ಬಂದ್ರೆ ಸುತ್ತು ಕಮ್ಮಿ. ಪುರುಸೊತ್ತಿದ್ದು ಕಾಪು ದೀಪಸ್ತಂಭ ನೋಡ್ತೀವಿ ಅಂದ್ರೆ ಸ್ವಲ್ಪ ಮುಂದೆಯೇ ಇದೆ, 1901ರದ್ದು. ಮೆಟ್ಟಿಲು ಹತ್ತಬೇಕು, ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡೋದು. ನಿಮಗೆ ಬೇಡ ಅಂತ ನನ್ನ ಅಭಿಪ್ರಾಯ.

ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿ 968ನೇ ಇಸವಿಯದ್ದು. ಅಷ್ಟು ಹಳೇ ಕಂಚಿನ ಕೆಲಸ ಅಷ್ಟು ನಯವಾಗಿ ಉಳಿದಿರೋದು ಅಪರೂಪ. ಅತ್ತೆಗೆ ದೇವರು, ನಿಮಗೆ ಶಿಲ್ಪ. ಚಾಪೆಲ್ಲಿನ ಗೋಡೆ, ಚಾವಣಿ ತುಂಬ ಇಟಲಿಯ ಮೊಸ್ಕೇನಿ ಅನ್ನೋ ಕ್ರೈಸ್ತ ಸನ್ಯಾಸಿ 1899ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಕೂತು ಬರೆದ ಚಿತ್ರಗಳಿವೆ. ನನ್ನನ್ನ ಕೇಳಿದ್ರೆ ಚಾಪೆಲ್. ದೇವಸ್ಥಾನ ನಮ್ಮೂರಲ್ಲೂ ಬೇಕಾದಷ್ಟಿವೆ, ಕತ್ತೆತ್ತಿ ನೋಡ್ತಾ ಕತ್ತು ನೋಯೋ ಅಂಥ ಚಾವಣಿ ಇಲ್ಲ. ಅಲ್ಲಿ ಬೆಂಚುಗಳಿವೆ, ಮಂಡಿಗೂ ಸುಖ. ಪ್ರಾರ್ಥನೆ ಹೊತ್ತು ಬಿಟ್ಟು ಹೋಗಿ.

ಪಡುಕಡಲು

ಒಂದು ಸೇರಿಸ್ತೇನೆ. ಧಕ್ಕೆಗೆ ಹೋಗುವಾಗ ಹಳೇ ರಬ್ಬರ್ ಚಪ್ಪಲಿ ಹಾಕ್ಲಿಕ್ಕೆ ಹೇಳಿ, ನೆಲ ಪೂರ್ತಿ ಒದ್ದೆ, ಬೂಟು ಹಾಕಿ ಹೋದ್ರೆ ವಾಸನೆ ಕಾರಿನಲ್ಲಿ ಒಂದು ವಾರ ಇರ್ತದೆ. ಮೀನು ತಗೊಂಡು ಹೋಗುವುದಾದ್ರೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೆಳಗೊಂದು ಪದರ ಐಸು, ಮೇಲೊಂದು ಪದರ ಐಸು ಹಾಕಿಸಿ ಡಿಕ್ಕಿಯಲ್ಲಿಡಿ. ಅತ್ತೆಯವರ ಕೊಡಪಾನ ಅದರ ಪಕ್ಕ ಇಡಬೇಡಿ, ಜಗಳ ಆಗ್ತದೆ.